ಅಧ್ಯಕ್ಷರ ಬಾಯಿ

ಒಗ್ಗರಣೆ ಮಂಡಾಳಿನ, ಅಂದರೆ ಮಂಡಕ್ಕಿಯ, ಜೊತೆ ಕೊಟ್ಟ ಮಿರ್ಚಿ ಬಜ್ಜಿಯನ್ನು ಮುಟ್ಟದೆ ಕೈ ತೊಳೆದವನನ್ನು ನಮ್ಮ ಕೊಪ್ಪಳದ ಕಡೆ ಪರವೂರಿನವನೆಂದೋ, ಹೆಂಡತಿಯೊಡನೆ ಜಗಳವಾಡಿ ಬಂದವನೆಂದೋ ತಿಳಿಯುತ್ತಾರೆ. ನಾನು ಇವೆರಡೂ ಅಲ್ಲದೆ ಮೂರು ತಿಂಗಳಿಂದ ಮಿರ್ಚಿ ಬಿಟ್ಟಿದ್ದೆ. ಎಡಗೆನ್ನೆಯ ಒಳಗೊಂದು ಹುಣ್ಣು ಕರಾರುಪತ್ರವಿಲ್ಲದ ಬಾಡಿಗೆದಾರನಂತೆ ನೆಲೆಸಿತ್ತು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸುತ್ತ, ಬಿಡುವಿನಲ್ಲಿ ಅಡಿಕೆ ತಂಬಾಕು ಮೆಲ್ಲುತ್ತ ಬಂದ ನನಗೆ ಅದರ ಅರ್ಥ ತಿಳಿಯದ್ದೇನಲ್ಲ. ತಿಳಿದದ್ದರಿಂದಲೇ ಹೆಂಡತಿ ಶಾಂತಾಳಿಗೂ ಹೇಳಿರಲಿಲ್ಲ.

ಹೀಗಿರುವಾಗ, ಕ್ಯಾನ್ಸರ್ ಆರೈಕೆಯಲ್ಲಿ ಯಾವುದಕ್ಕೆ ಮೊದಲ ಆದ್ಯತೆ ಕೊಡಬೇಕೆಂದು ಸಾರ್ವಜನಿಕರನ್ನೇ ಕೇಳುವ ಸಭೆಯೊಂದು ಯಲಬುರ್ಗಾದಲ್ಲಿ ಏರ್ಪಟ್ಟಿತು. ಆದ್ಯತೆ ಜನರದು, ಅಧ್ಯಕ್ಷತೆ ನನ್ನದು. ಯಾವ ವಿಷಯ ಕೊಟ್ಟರೂ ಚಪ್ಪಾಳೆ ಬೀಳುವವರೆಗೆ ಮಾತನಾಡಬಲ್ಲೆನೆಂಬ ಖ್ಯಾತಿಯೊಂದೇ ನನ್ನ ಅರ್ಹತೆ. "ಸಂಕೋಚ ಬೇಡ, ಬಾಯಿ ಬಿಟ್ಟು ಹೇಳಿ" ಎಂದು ನೆರೆದವರಿಗೆ ಇಪ್ಪತ್ತು ನಿಮಿಷ ಉಪದೇಶಿಸಿದೆ.

ಸಭೆ ನಡೆಸುತ್ತಿದ್ದ ತರುಣ ವೈದ್ಯೆ ಗೋಡೆಗೆ ನಾಲ್ಕು ಚಿತ್ರ ಅಂಟಿಸಿ, ಕೆಳಗೆ ನಾಲ್ಕು ಬುಟ್ಟಿ ಇಟ್ಟಿದ್ದರು: ಯಂತ್ರ, ಔಷಧಿ, ಊರೂರಿನಲ್ಲಿ ತಪಾಸಣೆ, ದೂರದ ಆಸ್ಪತ್ರೆಗೆ ಹೋಗಿಬರಲು ವಾಹನ. ಪ್ರತಿಯೊಬ್ಬರಿಗೂ ಐದು ಹುಣಸೆ ಬೀಜ. ಮುಖ್ಯವೆನಿಸಿದ ಬುಟ್ಟಿಗೆ ಹಾಕಬೇಕು. ಬೇವೂರಿನ ಅಜ್ಜನೊಬ್ಬ ಬೀಜ ಹಾಕಿ ಬಂದು ಶಾಯಿಗಾಗಿ ಬೆರಳು ಚಾಚಿ ನಿಂತ. ಕುಷ್ಟಗಿಯ ರೈತರೊಬ್ಬರು ಬೀಜ ಮೊಳೆಯುವ ಖಾತರಿ ಕೇಳಿದರು. ನಡುವೆ ಉಪಾಹಾರ ಬಂತು; ನಾನು ಮಂಡಾಳಷ್ಟೇ ತಿಂದು ಮಿರ್ಚಿಯನ್ನು ತಟ್ಟೆಯಲ್ಲೇ ಬಿಟ್ಟೆ.

ಗಂಗಾವತಿಯಲ್ಲಿ ಬಟ್ಟೆ ಹೊಲಿಯುವ ಖಾಜಾಬಿ, ನಾಲಿಗೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಗುಣವಾದವರು, ತಮ್ಮ ಐದೂ ಬೀಜಗಳನ್ನು ಹಿಡಿದು ನೇರವಾಗಿ ವೇದಿಕೆಗೆ ಬಂದರು.

"ಮಿರ್ಚಿ ಯಾಕ ಬಿಟ್ರಿ ಸರ?" ಅವರ ಮಾತು ತುಸು ತೊದಲುತ್ತಿತ್ತು.

"ಪಿತ್ತ" ಎಂದೆ.

"ಒಂದ ಕಡೀಲೆ ಅಗದ್ರೆಲ್ಲ, ಅದೂ ಪಿತ್ತಾನ? ನಾನೂ ಹಿಂಗ ಮುಚ್ಚಿಟ್ಟಿದ್ನಿರಿ. ಅರ್ಧ ನಾಲಿಗಿ ಹೋತು. ಬಾಯಿ ತಗೀರಿ."

ನಾನು ಸಭಾಮರ್ಯಾದೆಯ ಬಗ್ಗೆ ಏನೋ ಹೇಳಹೊರಟೆ. ಖಾಜಾಬಿ ನನ್ನ ಖಾಲಿ ಚಹಾದ ಕಪ್ಪಿಗೆ ಐದೂ ಬೀಜ ಸುರಿದು, "ನನ್ನ ವೋಟು ಇವ್ರ ಬಾಯಿಗೆ" ಎಂದರು. ಅಜ್ಜ ತಾನು ಬುಟ್ಟಿಗೆ ಹಾಕಿದ್ದ ಬೀಜಗಳನ್ನು ಆರಿಸಿ ತಂದು ಕಪ್ಪಿಗೆ ಹಾಕಿದ. ಹಿಂದೆಯೇ ಸಾಲು ಬಂತು; ಕಪ್ಪು ತುಂಬಿ ಬೀಜಗಳು ಮೇಜಿನ ಮೇಲೆ ಚೆಲ್ಲಿದವು.

"ನಮೂನಿಯೊಳಗ ಈ ಕಾಲಂ ಇಲ್ರಿ" ಎಂದು ನಡಾವಳಿ ಬರೆಯುತ್ತಿದ್ದ ಗುಮಾಸ್ತರು ಚಿಂತೆಗೊಳಗಾದರು.

"ಹೊಸ ಕಾಲಂ ಹಾಕ್ರಿ" ಎಂದರು ವೈದ್ಯೆ.

ಹೀಗೆ ಸರ್ವಾನುಮತದಿಂದ ನನ್ನ ಬಾಯಿ ತೆರೆಯಿತು. ವೈದ್ಯೆ ಮೊಬೈಲಿನ ಬೆಳಕು ಹಾಯಿಸಿ ಬಹಳ ಹೊತ್ತು ನೋಡಿದರು. ಅವರ ಮುಖದ ನಗು ಮಾಸಿತು. "ನಾಳೆನ ಆಸ್ಪತ್ರೆಗೆ ಬರ್ರಿ, ಒಂದು ಚೂರು ತಗದು ಪರೀಕ್ಷೆಗೆ ಕಳಿಸೋಣ" ಎಂದರು. ಖಾಜಾಬಿ ಪಕ್ಕದ ಕುರ್ಚಿಯಲ್ಲಿ ಕೂತು, ನಾನು ಏಳುವವರೆಗೂ ಏಳಲಿಲ್ಲ.

ಸಂಜೆ ಮನೆಗೆ ಬಂದು ಹೇಳಿದೆ. ಶಾಂತಾ ಪೂರ್ತಿ ಕೇಳಿ, "ಯಲಬುರ್ಗಿ ಮಂದಿಗೆಲ್ಲ ತೋರ್ಸಿ ಕಡೀಕ ನನಗ ತೋರ್ಸಾಕ ಬಂದ್ರೇನು?" ಎಂದಳು. ಆಮೇಲೆ ಕಿಟಕಿಯ ಬಳಿ ಕೂರಿಸಿ, ಗದ್ದ ಹಿಡಿದು, ತಾನೂ ನೋಡಿದಳು.

ಪರೀಕ್ಷೆಯಲ್ಲಿ ಅದು ಕ್ಯಾನ್ಸರೇ ಎಂದು ಬಂತು. ಆದರೆ ಮೊದಲ ಹಂತದ್ದು. ಕೆನ್ನೆಯ ಒಳಗಿನ ಒಂದಿಷ್ಟು ಭಾಗ ತೆಗೆದರು. ಪೂರ್ತಿ ಹೋಗಿದೆ, ಆಗಾಗ ಬಂದು ತೋರಿಸಿ ಎಂದರು. ತಂಬಾಕಿನ ಸಹವಾಸ ಅಲ್ಲಿಗೆ ಮುಗಿಯಿತು. ಬಿಡುಗಡೆಯ ದಿನ ರೋಗಿಯ ಮನೆಯವರಿಗೆಂದು ಒಂದು ಹಾಳೆ ಕೊಟ್ಟರು. ಕ್ಯಾನ್ಸರ್ ಆರೈಕೆಯಲ್ಲಿ ನಿಮ್ಮ ಪ್ರಕಾರ ಮೊದಲು ಆಗಬೇಕಾದದ್ದು ಏನು ಎಂಬ ಪ್ರಶ್ನೆಯ ಕೆಳಗೆ ಹತ್ತು ಸಾಲಿನ ಜಾಗವಿತ್ತು. ಶಾಂತಾ ಅಂಗೈ ಅಡ್ಡವಿಟ್ಟು ಒಂದೇ ಸಾಲು ಬರೆದಳು: "ಮೊದಲು ಹೆಂಡತಿಗೆ ಹೇಳಬೇಕು."

ಆಮೇಲೆ ಹಾಳೆಯನ್ನೂ ಪೆನ್ನನ್ನೂ ನನ್ನ ಕಡೆ ಸರಿಸಿದಳು. ನಾನು ಕೆಳಗೆ ಸಹಿ ಹಾಕಿದೆ.