ಶುಂಠಿಯ ಮೀಸೆಯಲ್ಲಿ ತೀರ್ಥದ ಪರಿಮಳ

ಬೆಳಗಿನ ಆರೂಕಾಲು. ಒಂಟಿಕೊಪ್ಪಲ್‌ನ ಹಳೆಯ ಮನೆಯೊಂದರ ಹಿತ್ತಲಿನಲ್ಲಿ ಲೂರ್ದುಮೇರಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎದುರಿಗೆ ಶುಂಠಿ. ಮೈಬಣ್ಣ ನೋಡಿ ಮನೆಯವರು ಇಟ್ಟ ಹೆಸರದು. ಮೈತುಂಬ ನೊರೆ ಹಚ್ಚಿಸಿಕೊಂಡ ಆ ನಾಯಿ, ಜಗತ್ತಿನ ಅನ್ಯಾಯವೆಲ್ಲ ತನಗೊಬ್ಬಳಿಗೇ ಆಗುತ್ತಿದೆ ಎಂಬಂತೆ ಮುಖ ಮಾಡಿಕೊಂಡು ನಿಂತಿದೆ. ಔಷಧದ ಶಾಂಪೂ ಹತ್ತು ನಿಮಿಷ ಮೈಮೇಲೆ ಇರಬೇಕು. ಲೂರ್ದುಮೇರಿಯವರ ಕೈಯಲ್ಲಿ ಗಡಿಯಾರವಿಲ್ಲ, ತುಟಿ ಮಾತ್ರ ಅಲುಗಾಡುತ್ತಿದೆ. ಮೂವತ್ತು ‘ನಮೋ ಮರಿಯಾ’ ಜಪ ಮುಗಿದರೆ ಹತ್ತು ನಿಮಿಷ ಆಯಿತೆಂದೇ ಲೆಕ್ಕ.

“ಮೊಬೈಲ್ ನೋಡಾಣ ಅಂದ್ರೆ ಅದ್ರ ತುಂಬ ನೊರೆ ಆಗೋಯ್ತದೆ ಕಣ್ರೀ. ಜಪಕ್ಕೆ ನೀರು ಬಿದ್ರೂ ಏನೂ ಆಗಕಿಲ್ಲ,” ಎಂದು ನಗುತ್ತಾರೆ.

ಐವತ್ತೆರಡರ ಲೂರ್ದುಮೇರಿ ಸಿದ್ಧಾರ್ಥನಗರದಿಂದ ಹಳೆಯ ಸ್ಕೂಟರಿನಲ್ಲಿ ಹೊರಟು, ಮನೆಮನೆಗೆ ಹೋಗಿ ನಾಯಿ ಮೀಯಿಸುವವರು. ಈ ಕೆಲಸಕ್ಕೆ ಹತ್ತೊಂಬತ್ತು ವರ್ಷ. ದಿನಕ್ಕೆ ಆರು ನಾಯಿ, ಭಾನುವಾರ ಪೂಜೆಗೆ ಚರ್ಚಿಗೆ ಹೋಗಬೇಕು, ರಜಾ. ಇದುವರೆಗೆ ಕಚ್ಚಿಸಿಕೊಂಡದ್ದು ಹನ್ನೊಂದು ಸಲ. ಸದಾ ನೀರಲ್ಲಿರುವ ಬೆರಳುಗಳು ಬಿರಿದಿವೆ. ಕೆಲವು ಮನೆಗಳಲ್ಲಿ ನಾಯಿ ಮುಂಬಾಗಿಲಿನಿಂದ ಬರುತ್ತದೆ, ಇವರು ಹಿಂದಿನ ಗೇಟಿನಿಂದ ಬರಬೇಕು. ನಾಯಿಯ ಹೆಸರು ಗೊತ್ತಿರುವ ಬೀದಿಯ ಜನಕ್ಕೆ ಇವರ ಹೆಸರು ಗೊತ್ತಿಲ್ಲ. ‘ನಾಯಿ ಮೇರಿ’ ಎನ್ನುತ್ತಾರೆ.

ತಂದೆ ಅಂತೋಣಪ್ಪ ರೇಸ್‌ಕೋರ್ಸಿನ ಲಾಯದಲ್ಲಿ ಕುದುರೆ ತಿಕ್ಕುತ್ತಿದ್ದವರು. ಮಗಳಿಗೆ ಆಸ್ತಿ ಬಿಡಲಿಲ್ಲ, ಒಂದು ಅಭ್ಯಾಸ ಬಿಟ್ಟುಹೋದರು. “ನಮ್ಮಪ್ಪ ಹೇಳೋರು, ಕುದ್ರೆ ಏನ್ ತಿಂದದೆ ಅಂತ ಯಾರ್ನೂ ಕೇಳ್ಬೇಡ, ಮೂತಿ ಮೂಸಿ ನೋಡು ಅಂತ. ನಾನು ಇವತ್ಗೂ ಅಂಗೇ ಮಾಡೋದು.”

ಆ ಮೂಗೇ ಶುಂಠಿಯನ್ನು ಈ ಮನೆಯಲ್ಲಿ ಉಳಿಸಿತು.

ಕಳೆದ ವರ್ಷ ಶುಂಠಿಗೆ ತುರಿಕೆ ಹತ್ತಿತು. ಪಾದ ನೆಕ್ಕಿ ನೆಕ್ಕಿ ಕೆಂಪಾಯಿತು, ಕಿವಿ ಕೆರೆದು ರಕ್ತ ಬಂತು. ಪಶುವೈದ್ಯ ಡಾ. ಸುಪ್ರೀತ್ ಮೊದಲು ಚಿಗಟ, ಕಜ್ಜಿಹುಳು ಎಲ್ಲ ಪರೀಕ್ಷಿಸಿ, ಇಲ್ಲವೆಂದು ಖಚಿತ ಮಾಡಿಕೊಂಡರು. ಉಳಿದದ್ದು ಊಟದ ಅಲರ್ಜಿಯ ಅನುಮಾನ. ಹಿಂದೆಂದೂ ತಿನ್ನದ ಆಹಾರವನ್ನಷ್ಟೇ ಎಂಟು ವಾರ ಕೊಟ್ಟು ನೋಡಬೇಕು, ಬೇರೆ ಒಂದು ತುಣುಕೂ ಬಾಯಿಗೆ ಹೋಗಕೂಡದು ಎಂದರು. ಬರೆದುಕೊಟ್ಟ ಪಥ್ಯ: ಸಿಹಿಗೆಣಸು ಮತ್ತು ಮೀನು.

ಮನೆಯ ಯಜಮಾನರು ನಂಜುಂಡಯ್ಯ, ನಿವೃತ್ತ ಸಂಸ್ಕೃತ ಮೇಷ್ಟ್ರು. ಅವರ ಅಜ್ಜ ಅರಮನೆಯ ಸೇವೆಯಲ್ಲಿದ್ದವರು. ಈ ಮನೆಯ ಅಡುಗೆಕೋಣೆಯಲ್ಲಿ ಮೀನು ಬೇಯುವ ಮಾತೇ ಇಲ್ಲ. ಸೊಸೆ ಶರಣ್ಯಾ ತಲೆ ಮೇಲೆ ಕೈಹೊತ್ತು ಕೂತಾಗ ಲೂರ್ದುಮೇರಿಯೇ ಮುಂದೆ ಬಂದರು. ದಿನಾ ತಮ್ಮ ಮನೆಯಲ್ಲಿ ಉಪ್ಪು, ಖಾರ, ಎಣ್ಣೆ ಸೋಕಿಸದೆ ಬೇಯಿಸಿ, ಮುಳ್ಳು ತೆಗೆದು, ಡಬ್ಬಿಯಲ್ಲಿ ತಂದು ಹಿತ್ತಲಲ್ಲಿ ಬಡಿಸಿದರು. ಏಳು ವಾರವಾದರೂ ತುರಿಕೆ ಒಂದಿಷ್ಟೂ ಇಳಿಯಲಿಲ್ಲ.

ಶರಣ್ಯಾ ಸೋತುಹೋದರು. ಇಲವಾಲದ ಕಡೆ ನಾಯಿಗಳ ಆಶ್ರಮವೊಂದರಲ್ಲಿ ಮಾತಾಡಿ, ಭಾನುವಾರ ಶುಂಠಿಯನ್ನು ಬಿಟ್ಟುಬರುವುದೆಂದು ನಿಶ್ಚಯಿಸಿದರು. ಶನಿವಾರ ಕೊನೆಯ ಸ್ನಾನ. ದಿನಾ ಹತ್ತು ಗಂಟೆಗೆ ಬರುವ ಲೂರ್ದುಮೇರಿ, ಅಂದು ತಮ್ಮನ ಮಗುವಿಗೆ ಚರ್ಚಿನಲ್ಲಿ ಜ್ಞಾನಸ್ನಾನದ ಶಾಸ್ತ್ರ ಇದ್ದುದರಿಂದ ಆರೂವರೆಗೇ ಬಂದರು. ಶುಂಠಿಯ ಮೂತಿ ಒರೆಸಲು ಬಗ್ಗಿದರು. ಅಭ್ಯಾಸಬಲ, ಮೂಸಿದರು. ಮೀಸೆಯಲ್ಲಿ ಹಾಲು, ಏಲಕ್ಕಿ, ತುಳಸಿಯ ವಾಸನೆ ಘಮ್ಮೆಂದಿತು.

“ಯಾರು ಇದ್ಕೆ ಹಾಲು ಕೊಟ್ಟೋರು?” ಎಂದು ಹಿತ್ತಲು ನಡುಗುವಂತೆ ಕೂಗಿದರು.

ಯಾರೂ ಇಲ್ಲ ಎಂದರು ಶರಣ್ಯಾ. ದೇವರಮನೆಯಿಂದ ನಂಜುಂಡಯ್ಯ ಬಂದರು, ಕೈಯಲ್ಲಿ ಬೆಳ್ಳಿ ಬಟ್ಟಲು. “ಹಾಲಲ್ಲ ಕಣಮ್ಮ, ಅಭಿಷೇಕದ ತೀರ್ಥ. ದಿನಾ ಪೂಜೆ ಮುಗಿದ ಮೇಲೆ ಕೊಡೋದೇ. ಪಾಪ, ಬೇಗ ಗುಣವಾಗಲಿ ಅಂತ ಈಗೀಗ ಎರಡು ಉದ್ಧರಣೆ ಜಾಸ್ತೀನೇ ಹಾಕ್ತೀನಿ.”

“ಸಾರ್, ಬೇರೆ ಏನೂ ಕೊಡ್ಬೇಡಿ ಅಂದಿದ್ರಲ್ಲ ಡಾಕ್ಟ್ರು!”

“ಏನೂ ಕೊಟ್ಟಿಲ್ಲವಲ್ಲಮ್ಮ. ತೀರ್ಥ ಎಲ್ಲಾದರೂ ಆಹಾರ ಆಗುತ್ತಾ?”

ಮೇಷ್ಟ್ರು ಸುಳ್ಳು ಹೇಳಿರಲಿಲ್ಲ. ಏಕಾದಶಿಯ ದಿನ ನೀರೂ ಮುಟ್ಟದ ಅವರು ತೀರ್ಥ ತಗೊಂಡೇ ಉಪವಾಸ ಮಾಡುವವರು. ಅದು ಊಟದ ಲೆಕ್ಕಕ್ಕೆ ಬರುತ್ತದೆಂದು ಎಪ್ಪತ್ತು ವರ್ಷದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಶುಂಠಿಯ ಹೊಟ್ಟೆಗೆ ಮಾತ್ರ ಶಾಸ್ತ್ರ ಗೊತ್ತಿರಲಿಲ್ಲ. ಮೇಷ್ಟ್ರು ಬಟ್ಟಲಲ್ಲಿ ಉಳಿದಿದ್ದ ತೀರ್ಥವನ್ನು ತುಳಸಿಯ ಬುಡಕ್ಕೆ ಸುರಿದರು.

ಲೂರ್ದುಮೇರಿ ಒದ್ದೆ ಕೈಯಲ್ಲೇ ಶರಣ್ಯಾರ ಕೈ ಹಿಡಿದರು. “ಇನ್ನೊಂದ್ ಎಂಟು ವಾರ ಕೊಟ್ಬುಡಿ ಮೇಡಂ. ಮೀನು ನಂದು, ಗೆಣಸು ನಂದು. ವಾಸಿ ಆಗ್ಲಿಲ್ಲ ಅಂದ್ರೆ ನಾನೇ ಕರ್ಕೊಂಡೋಗಿ ಇಲವಾಲಕ್ಕೆ ಬುಟ್ಟು ಬತ್ತೀನಿ.”

ಭಾನುವಾರ ಕಾರು ಇಲವಾಲದ ದಾರಿ ಹಿಡಿಯಲಿಲ್ಲ. ಅಂದಿನಿಂದ ಲೂರ್ದುಮೇರಿಯವರ ದಿನದ ಮೊದಲ ಮನೆ ಇದೇ ಆಯಿತು. ಪೂಜೆ ಮುಗಿಯುವ ಹೊತ್ತಿಗೆ ಕಾವಲುಗಾರ್ತಿಯಂತೆ ಹಾಜರು. ದಿನಾ ಪಾದ ಒರೆಸುವುದು, ವಾರಕ್ಕೊಂದು ಸ್ನಾನ, ಬೆಳಗ್ಗೆ ಸಂಜೆ ಮೂತಿ ಮೂಸುವುದು. ಮೂರನೇ ವಾರ ಕಿವಿಯ ಗಾಯ ಒಣಗಿತು. ಆರನೇ ವಾರ ಬೋಳಾಗಿದ್ದ ಹೊಟ್ಟೆಯ ಮೇಲೆ ಹೊಸ ಕೂದಲು ಬಂತು. ಎಂಟನೇ ವಾರ ಶುಂಠಿ ಕೆರೆದುಕೊಳ್ಳುವುದನ್ನೇ ಮರೆತು, ಹಿತ್ತಲಲ್ಲಿ ಅಳಿಲು ಅಟ್ಟಿಸಿಕೊಂಡು ಓಡಿತು. ಖಾತ್ರಿ ಮಾಡಿಕೊಳ್ಳಲೆಂದು ಡಾಕ್ಟರು ಎರಡು ಚಮಚ ಹಾಲು ಕೊಡಿಸಿ ನೋಡಿದರು. ಎರಡೇ ದಿನಕ್ಕೆ ಪಾದ ಕೆಂಪಾಯಿತು, ನಿಲ್ಲಿಸಿದ ಮೇಲೆ ಇಳಿಯಿತು. ಅನುಮಾನ ಹೋಗಿ ಉತ್ತರವೇ ಸಿಕ್ಕಿತು.

“ನಾನು ರಕ್ತ ನೋಡ್ದೆ, ಚರ್ಮ ನೋಡ್ದೆ. ಮೀಸೆ ನೋಡ್ಲಿಲ್ಲ,” ಎನ್ನುತ್ತಾರೆ ಡಾ. ಸುಪ್ರೀತ್. ಈಗ ಅವರು ತುರಿಕೆಯ ನಾಯಿಗಳ ಚೀಟಿಯ ಕೊನೆಗೆ ತಪ್ಪದೆ ಒಂದು ಸಾಲು ಬರೆಯುತ್ತಾರೆ: ‘ಲೂರ್ದುಮೇರಿಯವರಿಗೆ ಒಮ್ಮೆ ತೋರಿಸಿ.’ ಆ ಚೀಟಿ ಹಿಡಿದು ಬರುವವರು ಪೂರ್ತಿ ಹೆಸರು ಕೇಳಿಕೊಂಡೇ ಬರುತ್ತಾರೆ. ಇಂಥ ಒಂಬತ್ತು ನಾಯಿಗಳ ಪಥ್ಯ ಈಗ ಇವರ ಉಸ್ತುವಾರಿಯಲ್ಲಿದೆ. ಆಸೆ ಏನೆಂದು ಕೇಳಿದರೆ, ಬಿರಿದ ಬೆರಳಿಗೆ ಒಂದು ಜೊತೆ ಒಳ್ಳೆ ರಬ್ಬರ್ ಗವಸು ಎನ್ನುತ್ತಾರೆ. ಆಮೇಲೆ, “ಬೇಡ ಬುಡಿ, ಗವಸು ಆಕ್ಕೊಂಡ್ರೆ ನಾಯಿ ಮೈ ಬಿಸಿ ಗೊತ್ತಾಗಕಿಲ್ಲ,” ಎಂದು ಅದನ್ನೂ ಹಿಂದಕ್ಕೆ ಪಡೆಯುತ್ತಾರೆ.

ಮೂವತ್ತನೆಯ ‘ನಮೋ ಮರಿಯಾ’ ಮುಗಿಯಿತು. ಶುಂಠಿಯ ಮೇಲೆ ನೀರು ಬೀಳುವುದಕ್ಕೂ ಒಳಗೆ ಮಂಗಳಾರತಿಯ ಗಂಟೆ ನಿಲ್ಲುವುದಕ್ಕೂ ಸರಿಹೋಗುತ್ತದೆ. ನಂಜುಂಡಯ್ಯ ಬೆಳ್ಳಿ ಬಟ್ಟಲು ಹಿಡಿದು ಹಿತ್ತಲಿಗೆ ಬರುತ್ತಾರೆ. ಅದರಲ್ಲಿ ಹಾಲಿಲ್ಲ, ಬೇಯಿಸಿದ ಸಿಹಿಗೆಣಸಿನ ಹೋಳುಗಳಿವೆ. ಅಂದಿನಿಂದ ಈ ಮನೆಯ ದೇವರಿಗೆ ದಿನವೂ ಗೆಣಸಿನ ನೈವೇದ್ಯ. ಶುಂಠಿಗೆ ಪ್ರಸಾದ ತಪ್ಪಬಾರದಲ್ಲ!

ಮೊದಲ ಹೋಳು ಶುಂಠಿಗೆ. ಎರಡನೆಯದನ್ನು ಮೇಷ್ಟ್ರು ಲೂರ್ದುಮೇರಿಯವರ ಅಂಗೈಗೆ ಹಾಕುತ್ತಾರೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಮೂಸುತ್ತಾರೆ.

“ಈಗಲೂ ನನ್ನ ಮೇಲೆ ಅನುಮಾನವೇನಮ್ಮ?” ಎನ್ನುತ್ತಾರೆ ಮೇಷ್ಟ್ರು.

“ಇಲ್ಲ ಸಾರ್,” ಎಂದು ಲೂರ್ದುಮೇರಿ ಗೆಣಸನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. “ನಮ್ಮಪ್ಪನ ಮಗಳು ನಾನು.”