ಮಸುಕು ಫೋಟೊದ ಹಿಂದೆ ಬಿದ್ದು

ಇಪ್ಪತ್ತನಾಲ್ಕು ವರ್ಷಗಳಿಂದ ತರೀಕೆರೆಯ ಒಂದು ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಬೆಳಕಿನ ಪಾಠ ಮಾಡುತ್ತಿದ್ದೇನೆ. ಪೀನ ಮಸೂರ, ನಿಮ್ನ ಮಸೂರ, ಸಂಗಮ ದೂರ, ವಸ್ತುವನ್ನು ಎಲ್ಲಿಟ್ಟರೆ ಬಿಂಬ ಎಲ್ಲಿ ಮೂಡುತ್ತದೆ ಎಂಬುದನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಚಿತ್ರ ಬರೆದು ವಿವರಿಸಬಲ್ಲೆ. ಇಷ್ಟೆಲ್ಲ ತಿಳಿದವಳು ತೆಗೆದ ಫೋಟೊ ಹೇಗಿರುತ್ತದೆ ಎಂದು ನಿಮಗೆ ಕುತೂಹಲ ಹುಟ್ಟಿರಬಹುದು. ದಯವಿಟ್ಟು ಬೇಡ. ನನ್ನ ಫೋಟೊಗಳಲ್ಲಿ ಮನುಷ್ಯರಿದ್ದಾರೆ ಎಂಬುದು ಗೊತ್ತಾಗುತ್ತದೆ, ಯಾರು ಎಂಬುದು ಗೊತ್ತಾಗುವುದಿಲ್ಲ.

ಹಿಂದೊಮ್ಮೆ ಮಕ್ಕಳನ್ನು ಅಮೃತಾಪುರದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆವು. ಆ ಶಿಲ್ಪಿಗಳ ಕಣ್ಣು ಅದೆಂಥದೋ! ಚೂರು ಕಲ್ಲಿನಲ್ಲಿ ಬಳೆ, ಓಲೆ, ಸೊಂಟದ ಪಟ್ಟಿಯ ಗಂಟು ಎಲ್ಲವನ್ನೂ ಬಿಡದೆ ಕೆತ್ತಿ ಹೋಗಿದ್ದಾರೆ. ಅಷ್ಟು ಶತಮಾನದ ಮಳೆ ಬಿಸಿಲಿಗೂ ಅಳಿಯದ ಆ ಗೆರೆಗಳನ್ನು ನಾನು ಒಂದೇ ಕ್ಲಿಕ್ಕಿನಲ್ಲಿ ಅಳಿಸಿಹಾಕಿದೆ. ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿದಾಗ ನಮ್ಮ ಹೆಡ್‌ಮಾಸ್ಟರು, "ಮೇಡಂ, ದೇವಸ್ಥಾನ ಇದರಲ್ಲಿ ಎಲ್ಲಿದೆ?" ಎಂದು ಕೇಳಿದರು. ಅಂದು ನಾನು ನಕ್ಕು ಸುಮ್ಮನಾದೆ, ಏಕೆಂದರೆ ದೇವಸ್ಥಾನ ಎಲ್ಲಿಗೂ ಹೋಗುವುದಿಲ್ಲ, ಬೇಕೆಂದಾಗ ಬಸ್ಸು ಹತ್ತಿ ಹೋಗಿ ಮತ್ತೆ ತೆಗೆಯಬಹುದು. ಮತ್ತೆ ತೆಗೆಯಲಾಗದ ಫೋಟೊ ಒಂದು ಮಸುಕಾದಾಗ ಮಾತ್ರ ನನಗೆ ನಗು ಬರಲಿಲ್ಲ.

ಆ ಫೋಟೊದಲ್ಲಿ ಇರುವವರು ಇಬ್ಬರೇ. ಲಿಂಗದಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ನನ್ನ ಅಣ್ಣ, ಅಜ್ಜಂಪುರದಲ್ಲಿ ಮೋಟರು ವೈಂಡಿಂಗ್ ಅಂಗಡಿ ಇಟ್ಟಿರುವ ನನ್ನ ತಮ್ಮ ಶಂಕ್ರ. ಇಬ್ಬರೂ ಆರು ವರ್ಷದಿಂದ ಮಾತು ಬಿಟ್ಟಿದ್ದರು. ಜಮೀನಿಗಾಗಿ ಜಗಳವಾಡಿದ್ದರೆ ನಾಲ್ಕು ಜನ ಕೂತು ಹೇಳಿ ಬಗೆಹರಿಸುತ್ತಿದ್ದರೋ ಏನೋ. ಇವರು ಮಾತು ಬಿಟ್ಟದ್ದು ಲಗ್ನಪತ್ರಿಕೆಗಾಗಿ. ಅಣ್ಣನ ಮಗನ ಮದುವೆಗೆ 'ಸುಖಾಗಮನ ಬಯಸುವವರು' ಪಟ್ಟಿಯನ್ನು ಅಣ್ಣನೇ ಕೈಯಾರೆ ಬರೆದುಕೊಟ್ಟಿದ್ದ. ನೆಂಟರು ಹೆಚ್ಚಾಗಿ ಪಟ್ಟಿ ಹಾಳೆಯ ಹಿಂದಕ್ಕೂ ಹೋಗಿತ್ತು. ಪ್ರೆಸ್ಸಿನವರು ಹಾಳೆ ತಿರುವಿ ನೋಡಲಿಲ್ಲ. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ದೂರದ ಷಡ್ಡಕನ ಹೆಸರಿತ್ತು, ಒಡಹುಟ್ಟಿದ ತಮ್ಮನ ಹೆಸರಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ತಪ್ಪಾಯಿತು ಎಂದರೆ ಮುಗಿಯುತ್ತಿತ್ತು. ನಮ್ಮಣ್ಣ ತಪ್ಪಾಯಿತು ಎನ್ನುವ ಜಾತಿಯವನಲ್ಲ. ಅವನು ಒಂದು ಪತ್ರಿಕೆ ತೆಗೆದುಕೊಂಡು ಅದರ ಕೊನೆಯಲ್ಲಿ ನೀಲಿ ಪೆನ್ನಿನಿಂದ ದುಂಡಗೆ ತಮ್ಮನ ಹೆಸರು ಬರೆದು, ಅದನ್ನೇ ತಮ್ಮನಿಗೆ ಕಳಿಸಿದ. ತನ್ನ ಮನೆಗೆ ಬಂದ ಪತ್ರಿಕೆಯಲ್ಲಷ್ಟೇ ತನ್ನ ಹೆಸರಿದೆ ಎಂಬುದು ಶಂಕ್ರನಿಗೆ ಪಕ್ಕದ ಮನೆಯವರ ಪತ್ರಿಕೆ ನೋಡಿದಾಗ ತಿಳಿಯಿತು. ಅಲ್ಲಿಗೆ ಮಾತು ನಿಂತಿತು. ಅಣ್ಣನನ್ನು ಕೇಳಿದರೆ ಇವತ್ತಿಗೂ, "ನಾನು ಕೈಯಲ್ಲಿ ಬರ್ದೆ ಕಣೇ, ಪ್ರಿಂಟಿಗಿಂತ ಹೆಚ್ಚಲ್ವಾ ಅದು?" ಎನ್ನುತ್ತಾನೆ.

ಹೋದ ಅಕ್ಟೋಬರಿನಲ್ಲಿ ನಮ್ಮ ಮಗಳು ಚೈತ್ರಳ ನಿಶ್ಚಿತಾರ್ಥವಾಯಿತು. ಸೋದರಮಾವಂದಿರು ಬರದೆ ಇರುವಂತಿಲ್ಲ, ಆದ್ದರಿಂದ ಇಬ್ಬರೂ ಬಂದರು. ಬಂದು ಶಾಮಿಯಾನದ ಎರಡು ತುದಿಗಳಲ್ಲಿ ಕೂತರು. ಶಾಸ್ತ್ರ ಮುಗಿದು ಮೊದಲ ಪಂಕ್ತಿ ಊಟಕ್ಕೆ ಕೂತ ಹೊತ್ತಿನಲ್ಲಿ ಅದು ಹೇಗೋ ಇಬ್ಬರೂ ಒಂದೇ ಕಂಬದ ಬಳಿ ಬಂದು ನಿಂತಿದ್ದರು. ನಾನು ಫೋಟೊಗ್ರಾಫರ್ ಎಲ್ಲಿ ಎಂದು ಹುಡುಕಿದೆ. ಬೆಳಗಿನಿಂದ ಬಾಳೆಕಂಬವನ್ನು ನಲವತ್ತು ಸಲ ತೆಗೆದಿದ್ದ ಆ ಮಹಾರಾಯ ಈಗ ಎಲೆಯ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಬೇರೆ ದಾರಿ ಕಾಣದೆ ನನ್ನ ಫೋನನ್ನೇ ತೆಗೆದೆ. "ಇಬ್ರೂ ಈ ಕಡೆ ನೋಡ್ರೋ" ಎಂದು ಕೂಗಿ ಒಂದೇ ಒಂದು ಸಲ ಒತ್ತಿದೆ. ಅಷ್ಟರಲ್ಲಿ ಒಳಗಿನಿಂದ ಸಾರು ಸಾಲದು ಎಂದು ಕರೆ ಬಂತು. ನಾನು ಓಡಿದೆ.

ಸಂಜೆ ಹೊರಡುವಾಗ ಶಂಕ್ರ ಚಪ್ಪಲಿ ಮೆಟ್ಟುತ್ತ, ಎಲ್ಲೋ ನೋಡುತ್ತ, "ಅಕ್ಕ, ಆ ಫೋಟೊ ನಂಗೊಂದು ಕಳ್ಸು" ಎಂದ. ಆರು ವರ್ಷದಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ. "ನೀನು ಬಸ್ ಹತ್ತೋದ್ರೊಳಗೆ ಕಳ್ಸ್ತೀನಿ" ಎಂದು ಜಂಬದಿಂದ ಹೇಳಿದೆ. ಆಮೇಲೆ ಫೋನು ತೆರೆದು ನೋಡಿದೆ. ಬಿಳಿ ಅಂಗಿಯ ಎರಡು ಮೋಡಗಳು ನಿಂತಿದ್ದವು. ಒಂದು ಮೋಡಕ್ಕೆ ಮೀಸೆಯಿತ್ತು.

ನಮ್ಮ ಚಿಕ್ಕಂದಿನಲ್ಲಿ ಫೋಟೊ ಎಂದರೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಸ್ಟುಡಿಯೋಗೆ ಹೋಗಿ ತೆಗೆಸಿಕೊಳ್ಳುವಂಥದ್ದು. ಹಿಂದೆ ಬಣ್ಣದ ಪರದೆ, ಅದರಲ್ಲಿ ನಾವು ಯಾರೂ ಕಂಡಿರದ ಅರಮನೆ. "ಅಲ್ಲಾಡ್ಬೇಡಿ, ಕಣ್ಣು ಮುಚ್ಬೇಡಿ" ಎಂದು ಆತ ಗದರಿಸಿದರೆ ಅಪ್ಪನೂ ಹೆದರಿ ನಿಲ್ಲುತ್ತಿದ್ದರು. ವರ್ಷಕ್ಕೊಂದೇ ಫೋಟೊ, ಆದರೆ ಅದರಲ್ಲಿ ಅಂಗಿಯ ಗುಂಡಿ ಎಣಿಸಬಹುದಿತ್ತು. ಈಗ ನನ್ನ ಫೋನಿನಲ್ಲಿ ಆರು ಸಾವಿರ ಫೋಟೊ ಇವೆ. ಗುಡ್ ಮಾರ್ನಿಂಗ್ ಹೂವು, ಗ್ಯಾಸ್ ಬಿಲ್ಲು, ಆಕಸ್ಮಿಕವಾಗಿ ತೆಗೆದ ನನ್ನದೇ ಹೆಬ್ಬೆರಳು, ಎಲ್ಲವೂ ಇವೆ. ಬೇಕಾದದ್ದು ಮಾತ್ರ ಮಸುಕು.

ಚೈತ್ರಳಿಗೆ ಹೇಳಿದೆ. ಅವಳು ಶಿವಮೊಗ್ಗದಲ್ಲಿ ನರ್ಸು, ಡ್ಯೂಟಿಯ ನಡುವೆಯೇ ಔಷಧ ಬರೆದುಕೊಟ್ಟಳು: ಫೋನು ಆಫ್ ಮಾಡಿ ಆನ್ ಮಾಡು, ಬೇಡದ್ದನ್ನೆಲ್ಲ ಅಳಿಸು, ಇನ್ನು ಮುಂದೆ ತೆಗೆಯುವಾಗ ಮುಖದ ಮೇಲೆ ಬೆರಳೊತ್ತು. ಮೂರನ್ನೂ ಮಾಡಿದೆ. ಮೋಡಗಳು ಮೋಡಗಳಾಗಿಯೇ ಉಳಿದವು. ನಮ್ಮ ಶಾಲೆಯ ಡ್ರಿಲ್ ಮಾಸ್ಟರು ಫೋನು ಬಿಸಿಯಾದರೆ ಹಾಗಾಗುತ್ತದೆ, ಅಕ್ಕಿ ಡಬ್ಬದಲ್ಲಿ ಒಂದು ರಾತ್ರಿ ಇಡಿ ಎಂದರು. ವಿಜ್ಞಾನದ ಮೇಡಂ ಆದ ನಾನು ಅದನ್ನೂ ಮಾಡಿದೆ ಎಂದು ನಿಮ್ಮಲ್ಲಿ ಮಾತ್ರ ಹೇಳುತ್ತಿದ್ದೇನೆ.

ಕಡೆಗೆ ಮಸುಕು ತೆಗೆಯುವ ಆಪ್ ಒಂದನ್ನು ಹಾಕಿಕೊಂಡೆ. ಅದು ಮೊದಲು ಮೂರು ಜಾಹೀರಾತು ತೋರಿಸಿತು, ಆಮೇಲೆ ಚಕ್ರವೊಂದನ್ನು ಗಿರಗಿರ ತಿರುಗಿಸಿತು, ಆಮೇಲೆ ಫೋಟೊ ಕೊಟ್ಟಿತು. ಕನ್ನಡಿಯಂತೆ ಸ್ವಚ್ಛ! ಆದರೆ ಅದರಲ್ಲಿದ್ದವರು ಯಾರೋ. ಅಣ್ಣನಿಗೆ ಎಡಗಡೆ ಎರಡು ಹಲ್ಲಿಲ್ಲ, ಆಪ್ ಎರಡನ್ನೂ ಕಟ್ಟಿಸಿಕೊಟ್ಟಿತ್ತು. ಶಂಕ್ರನ ಬೋಳುತಲೆಯಲ್ಲಿ ಕ್ರಾಪು ಎದ್ದಿತ್ತು. ಹಿಂದೆ ಪಾಯಸದ ಬಕೆಟ್ಟು ಹಿಡಿದು ನಿಂತಿದ್ದ ನಮ್ಮ ಚಿಕ್ಕಮ್ಮನನ್ನು ಅದು ಕಂಬವನ್ನಾಗಿ ಮಾಡಿತ್ತು. ಇದನ್ನು ಕಳಿಸಿದರೆ ಶಂಕ್ರ, ಅಣ್ಣನ ಪಕ್ಕದಲ್ಲಿ ತನ್ನ ಬದಲು ಯಾರನ್ನೋ ನಿಲ್ಲಿಸಿದ್ದಾರೆ ಎಂದು ಇನ್ನಾರು ವರ್ಷ ಮುನಿಸಿಕೊಳ್ಳುವುದು ಖಂಡಿತ.

ಹೀಗೆ ಎರಡು ವಾರ ಕಳೆಯಿತು. ಒಂದು ದಿನ ಶಂಕ್ರನ ಹೆಂಡತಿ ಫೋನು ಮಾಡಿದಳು. ಆ ಮಾತು ಈ ಮಾತು ಆಡಿ, ದನಿ ತಗ್ಗಿಸಿ, "ಅತ್ತಿಗೆ, ಆ ಫೋಟೊ ಕಳಿಸ್ಬೇಡ ಅಂತ ದೊಡ್ಡ ಭಾವ ಏನಾದ್ರೂ ಅಂದ್ರಾ?" ಎಂದಳು. ನಾನು, "ಅಯ್ಯೋ ಇಲ್ಲ ಕಣೇ, ಫೋಟೊ ಚೆನ್ನಾಗ್ ಬಂದಿಲ್ಲ ಅಷ್ಟೇ" ಎಂದರೆ, "ಇವ್ರು ದಿನಾ ಫೋನ್ ತೆಗ್ದು ನೋಡ್ತಾರೆ, ಏನೂ ಮಾತಾಡಲ್ಲ. ಈ ಸಲಾನೂ ನನ್ನ ಬಿಟ್ರು ಅಂತ ಅನ್ಕೊಂಡವ್ರೆ" ಎಂದಳು. ನೋಡಿ, ನಾನು ಕಳಿಸದೆ ಇದ್ದದ್ದು ಅಜ್ಜಂಪುರಕ್ಕೆ ಹೋಗುವಷ್ಟರಲ್ಲಿ ಇನ್ನೊಂದು ಲಗ್ನಪತ್ರಿಕೆಯಾಗಿತ್ತು. ಮಾಘದಲ್ಲಿ ಮದುವೆ. ಸೋದರಮಾವ ಬರದಿದ್ದರೆ ಚೈತ್ರ ಅಳುತ್ತಾಳೆ, ಅವಳಿಗಿಂತ ಮೊದಲು ನಾನು ಅಳುತ್ತೇನೆ.

ಮರುದಿನ ಶಾಲೆ ಬಿಟ್ಟವಳೇ ಬಸ್‌ಸ್ಟ್ಯಾಂಡ್ ಹತ್ತಿರದ ರುದ್ರೇಶನ ಸ್ಟುಡಿಯೋಗೆ ಹೋದೆ. ರುದ್ರೇಶ ನನ್ನ ಹಳೆಯ ವಿದ್ಯಾರ್ಥಿ, ಬೆಳಕಿನ ಪಾಠದಲ್ಲಿ ಎರಡು ಸಲ ಫೇಲಾದವನು. ಅವನು ಫೋಟೊ ನೋಡಲೇ ಇಲ್ಲ. ಫೋನು ತಿರುಗಿಸಿ, ಹಿಂಭಾಗವನ್ನು ಟ್ಯೂಬ್‌ಲೈಟಿಗೆ ಹಿಡಿದು, ತುಟಿ ಕಚ್ಚಿಕೊಂಡು, "ಮೇಡಂ, ಇದಕ್ಕೆ ಪೂಜೆ ಏನಾದ್ರೂ ಮಾಡಿದ್ರಾ?" ಎಂದು ಕೇಳಿದ. ಮೂರು ಲೆನ್ಸಿನ ಮೇಲೂ ಬಿಳಿಯ ಪೊರೆ. ಅಂಚಿನ ಸಂದಿಯಲ್ಲಿ ಚೂರು ಕುಂಕುಮ. ಅವನು ಮೆತ್ತನೆಯ ಬಟ್ಟೆಯಿಂದ ಎರಡು ಸಲ ಒರೆಸಿ, ಎದುರಿನ ಬೇಕರಿಯ ಫೋಟೊ ತೆಗೆದು ತೋರಿಸಿದ. ದಿಲ್‌ಪಸಂದಿನ ಮೇಲೆ ಕೂತ ನೊಣದ ಕಾಲು ಕಾಣುತ್ತಿತ್ತು. "ಫೋನೇ ಹೇಳಿರತ್ತಲ್ಲ ಮೇಡಂ, ಲೆನ್ಸ್ ಒರ್ಸಿ ಅಂತ?" ಎಂದ. ಹೇಳಿತ್ತು. ದಿನವೂ ಪರದೆಯ ಮೇಲೆ ಒಂದು ಸಾಲು ಬರುತ್ತಿತ್ತು. ಅದನ್ನು ಜಾಹೀರಾತು ಎಂದು ತಿಳಿದು ನಾನು ದಿನವೂ ತಳ್ಳುತ್ತಿದ್ದೆ. ಪರವಾಗಿಲ್ಲ ಮೇಡಂ, ಹಳೆಯ ಫೋಟೊವನ್ನೂ ಕಂಪ್ಯೂಟರಿನಲ್ಲಿ ಎಷ್ಟಾಗುತ್ತದೋ ಅಷ್ಟು ತಿಳಿಮಾಡಿಡುತ್ತೇನೆ, ನಾಳೆ ಬನ್ನಿ ಎಂದ. ಫೇಲು ಮಾಡಿದ್ದಕ್ಕೆ ಅವನು ಇದಕ್ಕಿಂತ ಚೆನ್ನಾಗಿ ಸೇಡು ತೀರಿಸಿಕೊಳ್ಳಲಾರ.

ಮನೆಗೆ ಬಂದು ನಮ್ಮನೆಯವರನ್ನು ವಿಚಾರಣೆಗೆ ನಿಲ್ಲಿಸಿದೆ. ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲಕ್ಕೂ ವಿಭೂತಿ, ಕುಂಕುಮ ಹಚ್ಚಿ ಅವರು ಕೊನೆಗೆ ನನ್ನ ಫೋನಿಗೂ ಹಚ್ಚಿದ್ದರು. ನಾನು ಅಡುಗೆ ಮನೆಯಿಂದ ಬಂದು ಸೆರಗಿನಲ್ಲಿ ಒರೆಸಿ, ಇದ್ದದ್ದನ್ನು ಇನ್ನಷ್ಟು ಸಾರಿಸಿದ್ದೆ.

"ಅದರ ಕಣ್ಣಿಗೇ ಬಳೀಬೇಕಿತ್ತೇನ್ರೀ?" ಎಂದೆ.

"ಮೂರು ಕಣ್ಣಿದಾವೆ ಕಣೇ ಅದಕ್ಕೆ. ಮೂರು ಕಣ್ಣಿನ ದೇವ್ರಿಗೆ ವಿಭೂತಿ ಇಡ್ದೆ ಇನ್ನೇನ್ ಇಡ್ತಾರೆ?"

"ಹಣೆಗೆ ಇಡ್ತಾರೆ!"

"ಹಣೆ ಯಾವ್ದು ಅಂತ ಎಲ್ ಬರ್ದವ್ರೆ ಅದರಲ್ಲಿ?" ಎಂದು ಅವರು ಪೇಪರು ಬಿಡಿಸಿಕೊಂಡರು. ಇಂಥ ಭಕ್ತರ ಜೊತೆ ಇಪ್ಪತ್ತೇಳು ವರ್ಷ ಸಂಸಾರ ಮಾಡಿದ್ದೇನೆ.

ಮರುದಿನ ರುದ್ರೇಶನ ಕಂಪ್ಯೂಟರಿನ ಮುಂದೆ ಕೂತೆ. ನಿಜಕ್ಕೂ ಚೆನ್ನಾಗಿ ಮಾಡಿದ್ದ. ಅಣ್ಣನ ಬಾಯಲ್ಲಿ ಎರಡು ಹಲ್ಲಿರಲಿಲ್ಲ, ಶಂಕ್ರನ ತಲೆ ಹೊಳೆಯುತ್ತಿತ್ತು, ಚಿಕ್ಕಮ್ಮ ಮತ್ತೆ ಚಿಕ್ಕಮ್ಮನಾಗಿದ್ದಳು. ಆದರೂ ಏನೋ ಸರಿಯಿಲ್ಲ ಅನ್ನಿಸಿತು. ಮೊದಲಿನ ಫೋಟೊ ಪಕ್ಕದಲ್ಲಿಡಲು ಹೇಳಿ ಎರಡನ್ನೂ ಹೋಲಿಸಿ ನೋಡಿದೆ. ಮಸುಕಿನ ಫೋಟೊದಲ್ಲಿ ಶಂಕ್ರನ ಹೆಗಲ ಹತ್ತಿರ ಕಂದು ಬಣ್ಣದ ಒಂದು ಗೀಟು ಎಳೆದಂತಿತ್ತು. ಹೊಸದರಲ್ಲಿ ಅದಿರಲಿಲ್ಲ.

"ಅದಾ ಮೇಡಂ? ಅದು ವಿಭೂತಿದಲ್ಲ. ಇವ್ರು ಕೈ ಅಲ್ಲಾಡ್ಸವ್ರೆ, ಅಲ್ಲಾಡಿದ್ದನ್ನ ಸರಿ ಮಾಡಕ್ಕಾಗಲ್ಲ. ಅಸಹ್ಯವಾಗಿ ಕಾಣ್ತಿತ್ತು, ಅದಕ್ಕೆ ಅಳ್ಸಿಬಿಟ್ಟೆ" ಎಂದ ರುದ್ರೇಶ.

ಅಳಿಸಿದ್ದು ಅಣ್ಣನ ಬಲಗೈ. ನಾನು ಗುಂಡಿ ಒತ್ತಿದ ಕ್ಷಣದಲ್ಲಿ ಅದು ತಮ್ಮನ ಹೆಗಲ ಕಡೆ ಹೊರಟಿತ್ತು. ನಾನು ಸಾರಿಗೆ ಓಡಿದ್ದರಿಂದ ಅದು ತಲುಪಿತೋ ಇಲ್ಲವೋ ನೋಡಿರಲಿಲ್ಲ. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊಗೆ ಕಾಯುತ್ತಿದ್ದ ಗಿರಾಕಿಗಳ ಎದುರು ನನಗೆ ಅಳು ಬಂತು. ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ರುದ್ರೇಶ ಗಾಬರಿಯಾಗಿ, "ವಾಪಸ್ ಹಾಕ್ತೀನಿ ಮೇಡಂ, ವಾಪಸ್ ಹಾಕ್ತೀನಿ" ಎಂದು ಹಾಕಿಯೂ ಬಿಟ್ಟ.

ಮೊದಲು ಅಣ್ಣನಿಗೆ ಫೋನು ಮಾಡಿದೆ. "ಕೈನಾ? ಹೆಗಲ ಮೇಲೆ ಅಕ್ಷತೆ ಬಿದ್ದಿತ್ತು ಅವನಿಗೆ. ಕೊಡವ್ದೆ. ಅದಕ್ಕೇನೀಗ?" ಎಂದು ಗಿರಣಿಯ ಸದ್ದಿನ ಮೇಲೆ ಕೂಗಿದ. ಇನ್ನೇನು ಕೇಳಲಿ? ಫೋನು ಇಟ್ಟೇಬಿಟ್ಟ.

ಆಮೇಲೆ ಶಂಕ್ರನಿಗೆ ಮಾಡಿದೆ. ವಿಭೂತಿಯಿಂದ ಹಿಡಿದು ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ನಕ್ಕ. "ಎರಡು ಥರ ಇದೆ ಕಣೋ" ಎಂದೆ. "ಒಂದು ನೀಟಾಗಿದೆ, ಅಣ್ಣನ ಕೈ ಇಲ್ಲ. ಇನ್ನೊಂದ್ರಲ್ಲಿ ಕೈ ಇದೆ, ಆದ್ರೆ ಅಲ್ಲಾಡೋಗಿದೆ. ಯಾವ್ದು ಕಳ್ಸ್ಲಿ?"

ಅವನು, "ಆ ಕೈ ಬಗ್ಗೆ ಅಣ್ಣ ಏನಂದ?" ಎಂದ.

"ನಿನ್ನ ಹೆಗಲ ಮೇಲೆ ಅಕ್ಷತೆ ಬಿದ್ದಿತ್ತಂತೆ. ಕೊಡವಿದ್ನಂತೆ."

ಆ ಕಡೆ ಅಂಗಡಿಯಲ್ಲಿ ಯಾವುದೋ ಮೋಟರು ತಿರುಗುತ್ತಿತ್ತು, ಅದನ್ನು ನಿಲ್ಲಿಸಿದ.

"ಹಂಗಾದ್ರೆ ಎರಡನೇ ಪಂಕ್ತಿಗೆ ಎಲೆ ಹಾಕೋ ತಂಕ ಕೊಡವ್ತಾನೇ ಇದ್ದ ಕಣಕ್ಕ" ಎಂದ ಶಂಕ್ರ. "ಕೈ ಇರೋದನ್ನೇ ಕಳ್ಸು."