ರಾಗಿ ಕಲ್ಲು ತುಂಬಿದ ಎರಡನೇ ತಟ್ಟೆ

ಪುಟ್ಟಿ, ಚಿನ್ನು, ನಿಮ್ಮ ಅಮ್ಮ ಮಾಡಿದ, ಎರಡು ಕಪ್ಪು ಗ್ರಾಮಫೋನ್ ತಟ್ಟೆಗಳ ಹಾಡಿನ ಆಲ್ಬಂ ನೀವು ಕೇಳಿಯೇ ಇದ್ದೀರಿ. ಎರಡನೆಯದರಲ್ಲಿ ಹಾಡುವ ಹೆಂಗಸು ಯಾರೆಂದು ಮೊನ್ನೆ ಕೇಳಿದಿರಿ. ನಾನು ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದೆ. ಬಾಯಲ್ಲಿ ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಮ್ಮ ಮತ್ತು ಅವಳ ಇಬ್ಬರು ಗೆಳತಿಯರದು ಯಂತ್ರಗಳ ಸದ್ದಿಗೆ ಗಿಟಾರು, ಡ್ರಮ್ಮು ಬೆರೆಸುವ ಸಂಗೀತ. ಇಂಡಸ್ಟ್ರಿಯಲ್ ರಾಕ್ ಎನ್ನುತ್ತಾರೆ. ನಿಮ್ಮ ತಾತ ದುಡಿದಿದ್ದ ಸೋಮನಹಳ್ಳಿಯ ಶೆಡ್ಡಿನಲ್ಲಿ ಭಾನುವಾರಗಳಂದು ಕಬ್ಬಿಣ ಕಡೆಯುವ ಲೇತು ಯಂತ್ರ ಓಡಿಸಿ, ತಗಡು ಬಡಿದು ಮೊದಲನೆಯ ತಟ್ಟೆ ಮುಗಿಸಿದರು. ಎರಡನೆಯದಕ್ಕೆ ಕರೆಂಟಿಲ್ಲದೆ ಕೈಯಲ್ಲೇ ತಿರುಗುವ ಯಂತ್ರದ ಸದ್ದು ಬೇಕಿತ್ತು. ಸಿಗದಿದ್ದರೆ ಒಂದೇ ತಟ್ಟೆ ಸಾಕು ಎಂದು ಗೆಳತಿಯರು ಹೇಳಿಬಿಟ್ಟಿದ್ದರು. ಎರಡು ತಟ್ಟೆ ಎಂದೇ ಕನಸು ಕಂಡಿದ್ದ ನಿಮ್ಮ ಅಮ್ಮ ಅವತ್ತು ಮಳವಳ್ಳಿಯ ನಮ್ಮ ಮನೆಗೆ ಬಂದು ಊಟವನ್ನೂ ಅರ್ಧಕ್ಕೇ ಬಿಟ್ಟಳು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ರಾಗಿ ಬೀಸುವ ಕಲ್ಲು ಅವಳ ಕಣ್ಣಿಗೆ ಬಿತ್ತು.

ಮಾರನೆಯ ದಿನ ಮೂವರೂ ಬಂದು ಕಲ್ಲಿನ ಪಕ್ಕ ಮೈಕು ಇಟ್ಟರು.

“ಅವ್ವ, ರಾಗಿ ಆಕ್ಬೇಡ. ಬರೀ ಕಲ್ಲು ತಿರುಗ್ಸು, ಸದ್ದು ಚೆಂದಾಗಿ ಬತ್ತದೆ.”

“ಬರಿಗಲ್ಲು ಬೀಸ್ಬಾರ್ದು ಕಣವ್ವ. ಮನೆಗೆ ಒಳ್ಳೇದಲ್ಲ.”

“ಒಂದೇ ಕಿತ ತಿರುಗ್ಸವ್ವ.”

ಅವಳ ಮುಖ ನೋಡಲಾರದೆ ತಿರುಗಿಸಿದೆ. ಕಲ್ಲಿಗೆ ಕಲ್ಲು ಉಜ್ಜಿ ಹಲ್ಲು ಜುಮ್ಮೆಂದಿತು. ಕೈ ತಡೆತಡೆದು ಹೋಯಿತು. ಹೆಡ್‌ಫೋನ್ ಹಾಕಿಕೊಂಡಿದ್ದ ಗೆಳತಿ ಬೇಡವೆಂದು ಕೈಯಾಡಿಸಿದಳು. ನಿಮ್ಮ ಅಮ್ಮ ಮೈಕಿನ ವೈರು ಸುತ್ತತೊಡಗಿದಳು.

“ಸುತ್ಬೇಡ, ತಡಿ!” ಎಂದೆ. ಒಳಗಿನಿಂದ ಮೊರದ ತುಂಬ ರಾಗಿ ತಂದು, ಕಲ್ಲಿಗೆ ಕೈಮುಗಿದು ಮೊದಲ ಹಿಡಿ ಹಾಕಿದೆ. ಎರಡು ಸುತ್ತಿಗೇ ಕಲ್ಲು ಗುಮ್ಮನೆ ಮೊರೆಯಿತು. ರಾಗಿ ಬಿದ್ದ ಮೇಲೆ ನಮ್ಮ ಕಡೆಯ ಹೆಂಗಸರ ಬಾಯಿ ಸುಮ್ಮನಿರುವುದಿಲ್ಲ. ಬೀಸುತ್ತಲೇ ಪದ ಕಟ್ಟಿ ಹಾಡುವುದು ಪೂರಿಗಾಲಿಯ ನನ್ನ ತವರಿನಲ್ಲಿ ಕಲಿತದ್ದು. ಮೈಕು ಮರೆತೇ ಹೋಯಿತು, ಹಾಡುತ್ತಾ ಹೋದೆ. ಮೊರ ಖಾಲಿಯಾದಾಗ ತಲೆ ಎತ್ತಿದರೆ ಮೂವರೂ ಉಸಿರು ಬಿಗಿಹಿಡಿದು ಕೂತಿದ್ದರು.

“ಎರಡ್ನೇ ತಟ್ಟೆ ಆಯ್ತು ಕಣವ್ವ!” ಎಂದು ನಿಮ್ಮ ಅಮ್ಮ ನನ್ನ ಹಿಟ್ಟಿನ ಕೈಯನ್ನೇ ಹಿಡಿದುಕೊಂಡಳು.

ಮಂಡ್ಯದ ಒಂದು ಸಣ್ಣ ಸಭಾಂಗಣದಲ್ಲಿ ಬಿಡುಗಡೆ. ನಾನು ಹಿಂದಿನ ಕಂಬದ ಮರೆಯಲ್ಲಿ ಕೂತೆ. ಮೊದಲ ತಟ್ಟೆಗೆ ಹುಡುಗರೆಲ್ಲ ಕುಣಿದರು. ಪಕ್ಕದಲ್ಲಿದ್ದ ನನ್ನ ಮೈದುನ ಟವೆಲನ್ನು ಕಿವಿಗೆ ಸುತ್ತಿಕೊಂಡ.

“ಅತ್ತಿಗೆವ್ವ, ಇದು ಆಡಾ? ಗುಜ್ರಿ ಅಂಗ್ಡಿ ಕುಸುದ್ಬಿದ್ದಂಗದೆ!”

ಎರಡನೆಯದು ಶುರುವಾಯಿತು. ಕಲ್ಲಿನ ಮೊರೆತದ ಕೆಳಗೆ ಡ್ರಮ್ಮು, ಮೇಲೆ ಪದ. ಟವೆಲು ಮೆಲ್ಲಗೆ ಹೆಗಲಿಗಿಳಿಯಿತು. ಪೂರಿಗಾಲಿಯಿಂದ ಬಂದಿದ್ದ ಹೆಂಗಸರು ಪ್ರತಿ ಸಾಲಿನ ಕೊನೆ ಹಿಡಿದು ಸೊಲ್ಲು ಕೊಟ್ಟರು. ಮುಗಿದಾಗ ಸಭೆಯೇ ಎದ್ದು ನಿಂತು “ಇನ್ನೊಂದ್ ಕಿತ!” ಎಂದು ಕೂಗಿತು. ಇನ್ನೊಂದು ಸಲ ಹಾಕಿದರು. ಆಮೇಲೆ ಮತ್ತೊಂದು ಸಲ.

“ಯಾರ್ದು ಈ ದನಿ?” ಎಂದ ಮೈದುನ. ಇಷ್ಟು ವರ್ಷ ನನ್ನ ಕೈಯ ಮುದ್ದೆ ಉಂಡವನಿಗೆ ನನ್ನ ದನಿ ಗೊತ್ತಿರಲಿಲ್ಲ.

ಕಂಬದ ಮರೆಯಿಂದ ಎದ್ದು ನಿಂತೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ನಂದು ಕಣಪ್ಪ.”

ಈಗ ನಿಮಗೂ ಹೇಳಿದ್ದಾಯಿತು. ಈ ಹಾಳೆಗಳನ್ನು ಎರಡನೆಯ ತಟ್ಟೆಯ ರಟ್ಟಿನ ಚೀಲದೊಳಗೇ ಇಟ್ಟುಕೊಳ್ಳಿ. ಅಟ್ಟದ ಮೇಲೆ ಮಾತ್ರ ಬೇಡ, ಅಲ್ಲಿ ಗೆದ್ದಲಿದೆ.